ಎಪ್ಪತ್ತಕ್ಕೆ ಎಷ್ಟು ಬಂತು?

ಬೆಳ್ಳಿ ಡಾಲರನ್ನು ಅಂಚಿನಲ್ಲಿ ಹಿಡಿಯಬೇಕು. ಮುಖವನ್ನು ಮುಟ್ಟಬಾರದು, ಬೆನ್ನನ್ನೂ ಮುಟ್ಟಬಾರದು. ಅದರ ಮೇಲೆ ಬಗ್ಗಿ ಮಾತಾಡಬಾರದು, ಏಕೆಂದರೆ ಮಾತಿನ ಜೊತೆ ಎಂಜಲು ಹಾರುತ್ತದೆ. ಒರೆಸಬಾರದು, ಊದಬಾರದು, ತೊಳೆಯಲಂತೂ ಕೂಡದು. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಇಷ್ಟು ಗೊತ್ತಿದ್ದರೆ ನಾಣ್ಯದ ವಿಷಯ ಮುಗಿಯಿತು. ಉಳಿದದ್ದೆಲ್ಲ ನಾಣ್ಯ ತರುವವರ ವಿಷಯ. ಅದನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದವಳು. ಯಜಮಾನರಿಗೆ ಡಲ್ಲಾಸ್‌ನಲ್ಲಿ ಕೆಲಸವಾಗಿ ಬಂದಾಗ ನನ್ನ ಲೈಸೆನ್ಸ್ ಇಲ್ಲಿ ನಡೆಯಲಿಲ್ಲ. ಮತ್ತೆ ಪರೀಕ್ಷೆ ಕಟ್ಟುವ ವಯಸ್ಸು ದಾಟಿತ್ತು. ಹಳೆಯ ನಾಣ್ಯಗಳ ಅಂಗಡಿಯೊಂದರ ಬಾಗಿಲಿಗೆ ‘ಕೈ ನಡುಗದ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಸಹಾಯಕರು ಬೇಕು’ ಎಂಬ ಚೀಟಿ ಅಂಟಿಸಿತ್ತು. ಒಳಗೆ ಹೋದೆ. ಮಾಲೀಕ ಹ್ಯಾಂಕ್, ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದ ಆಳೆತ್ತರದ ಮನುಷ್ಯ, ಒಂದು ಜೊತೆ ಕೈಗವಸು ಮುಂದಿಟ್ಟ. ನಾನು ಹೊರಮೈ ಬೆರಳಿಗೆ ತಾಗದಂತೆ ಅವನ್ನು ಹಾಕಿಕೊಂಡದ್ದನ್ನು ನೋಡಿ, ಬೇರೆ ಪ್ರಶ್ನೆ ಕೇಳದೆ, ‘ಸೋಮವಾರ ಬನ್ನಿ’ ಎಂದ. ನನ್ನ ಸಂದರ್ಶನ ಅಷ್ಟೇ.

ಕೆಲಸ ಸರಳ. ಜನ ತಮ್ಮ ಹಳೆಯ ಬೆಳ್ಳಿ ಡಾಲರುಗಳನ್ನು ತರುತ್ತಾರೆ. ನಾವು ಪರೀಕ್ಷಿಸಿ, ಒಂದೊಂದನ್ನೂ ಲಕೋಟೆಗೆ ಹಾಕಿ, ಬೇರೆ ರಾಜ್ಯದಲ್ಲಿರುವ ಗ್ರೇಡಿಂಗ್ ಸಂಸ್ಥೆಗೆ ಕಳಿಸುತ್ತೇವೆ. ಅಲ್ಲಿ ಮೂವರು ಪರಿಣತರು ಬೇರೆ ಬೇರೆಯಾಗಿ ಕೂತು, ನಾಣ್ಯವನ್ನು ದೀಪದ ಕೆಳಗೆ ತಿರುಗಿಸಿ ನೋಡಿ ಅಂಕ ಕೊಡುತ್ತಾರೆ. ಗರಿಷ್ಠ ಎಪ್ಪತ್ತು. ಚಲಾವಣೆಯಾಗದ ಒಳ್ಳೆಯ ನಾಣ್ಯಕ್ಕೆ ಅರವತ್ತರ ಮೇಲೆ. ಆಮೇಲೆ ಅದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ತೆರೆಯಲಾಗದಂತೆ ಮುಚ್ಚಿ, ನೆತ್ತಿಯ ಮೇಲೆ ಅಂಕದ ಚೀಟಿ ಹಾಕಿ ವಾಪಸು ಕಳಿಸುತ್ತಾರೆ. ಡಬ್ಬಿ ಒಡೆದರೆ ಅಂಕ ಹೋಯಿತು. ಮತ್ತೆ ಮೊದಲಿಂದ ಪರೀಕ್ಷೆ.

ಹ್ಯಾಂಕ್ ಮೊದಲ ದಿನವೇ ಒಂದು ನಿಯಮ ಹೇಳಿದ. ‘ಗಿರಾಕಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಬರಬಹುದು? ನಿಮ್ಮ ಮನಸ್ಸಿನಲ್ಲಿ ಏನೇ ಇರಲಿ, ಉತ್ತರ ಒಂದೇ. ಬಂದಿದೆ, ಕಳಿಸುತ್ತೇವೆ. ನಾಣ್ಯ ಕೈಗೆ ಬಂದಿದೆ, ಸಂಸ್ಥೆಗೆ ಕಳಿಸುತ್ತೇವೆ, ಅಷ್ಟೇ.’ ಥಿಯೇಟರಿನ ಹೊರಗೆ ನಿಂತ ಸಂಬಂಧಿಕರಿಗೆ ನಾವು ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ. ಅಂಗಡಿಯಿಂದ ನಿವೃತ್ತಳಾದ ದಿನದವರೆಗೂ ನಾನು ಆ ಮಾತಿನಿಂದ ಆಚೀಚೆ ಸರಿಯಲಿಲ್ಲ.

ಅಮೆರಿಕನ್ನರು ಆ ಉತ್ತರ ಕೇಳಿ ಟೋಪಿ ಸರಿಮಾಡಿಕೊಂಡು ಹೋಗುತ್ತಿದ್ದರು. ನಮ್ಮವರು ಹೋಗುತ್ತಿರಲಿಲ್ಲ. ಎಪ್ಪತ್ತಕ್ಕೆ ಅಂಕ ಕೊಡುತ್ತಾರೆ ಎಂಬ ಸುದ್ದಿ ನಮ್ಮ ಜನರ ನಡುವೆ ಹರಡಿದ್ದೇ ತಡ, ಬೆಳ್ಳಿ ಡಾಲರು ಹವ್ಯಾಸವಾಗಿ ಉಳಿಯದೆ ಹತ್ತನೇ ತರಗತಿಯಾಯಿತು. ಮಕ್ಕಳೆಲ್ಲ ಓದಿ ಮುಗಿಸಿ ಕೆಲಸಕ್ಕೆ ಸೇರಿದ್ದ ಮನೆಗಳಲ್ಲಿ ಅಂಕವಿಲ್ಲದೆ ಬಿಕೋ ಎನ್ನುತ್ತಿತ್ತೇನೋ. ಆ ಜಾಗಕ್ಕೆ ನಾಣ್ಯ ಬಂದು ಕೂತಿತು. ಅರವತ್ಮೂರು ಬಂದರೆ ಏಳು ಅಂಕ ಎಲ್ಲಿ ಹೋಯಿತು ಎಂದು ಕೇಳುವರು. ಶೇಕಡಾವಾರು ಲೆಕ್ಕ ಹಾಕುವರು. ‘ತೊಂಬತ್ತು ಪರ್ಸೆಂಟ್ ಅಂದ್ರೆ ಡಿಸ್ಟಿಂಕ್ಷನ್ ಅಲ್ವಾ ಆಂಟಿ?’ ಎಂದು ಸಮಾಧಾನ ಮಾಡಿಕೊಂಡು ಕಾರು ಹತ್ತಿ, ಪಕ್ಕದ ಮನೆಯವರ ನಾಣ್ಯಕ್ಕೆ ಅರವತ್ತಾರು ಬಂದದ್ದು ವಾಟ್ಸಾಪಿನಲ್ಲಿ ಗೊತ್ತಾದ ಕೂಡಲೇ ಮತ್ತೆ ಫೋನ್ ಮಾಡುವರು.

ಆಸ್ಟಿನ್‌ನ ನಾಣ್ಯ ಪ್ರದರ್ಶನಕ್ಕೆ ಹ್ಯಾಂಕ್ ನನ್ನನ್ನೂ ಕರೆದೊಯ್ಯುತ್ತಿದ್ದ. ಅಲ್ಲಿ ನಮ್ಮ ಮೇಜಿಗೆ ಬಂದ ಬೆಂಗಳೂರಿನ ಸಾಫ್ಟ್‌ವೇರ್ ತರುಣನೊಬ್ಬ ನಾಣ್ಯ ಕೊಡುವ ಮೊದಲು ಲ್ಯಾಪ್‌ಟಾಪ್ ತೆರೆದ.

‘ಆಂಟಿ, ಇವ್ರು ಯಾವ ರೂಲ್ ಮೇಲೆ ಮಾರ್ಕ್ಸ್ ಕೊಡ್ತಾರೆ? ನಾನು ಡೇಟಾ ಎಲ್ಲ ಕಲೆಕ್ಟ್ ಮಾಡಿದೀನಿ. ನಾಣ್ಯದ ಮೇಲಿರೋ ಹೆಂಗಸಿನ ಕೆನ್ನೆ ಮೇಲೆ ಗೀರಿದ್ರೆ ಎಷ್ಟು ಕಟ್, ಕೂದಲಲ್ಲಿದ್ರೆ ಎಷ್ಟು ಕಟ್?’

‘ಕೆನ್ನೆ ಎಲ್ಲರಿಗೂ ಕಾಣುತ್ತೆ, ಕೂದಲಲ್ಲಿದ್ರೆ ಮುಚ್ಚಿಹೋಗುತ್ತೆ. ಹೆಣ್ಣು ನೋಡೋಕೆ ಹೋದಾಗ ನಿಮ್ಮಮ್ಮ ಯಾವ ರೂಲ್ ಇಟ್ಕೊಂಡಿದ್ರಪ್ಪ?’ ಎಂದೆ.

ಅವನು ಲ್ಯಾಪ್‌ಟಾಪ್ ಮುಚ್ಚಿ ನಾಣ್ಯ ಕೊಟ್ಟ.

ಹ್ಯೂಸ್ಟನ್‌ನಲ್ಲಿ ಕಥೆ ಬೇರೆ. ಪ್ರದರ್ಶನವಿದ್ದಾಗ ನಾವು ನಮ್ಮವರ ಅಂಗಡಿ, ಹೋಟೆಲುಗಳೇ ತುಂಬಿರುವ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನಲ್ಲಿ ಊಟ ಮಾಡುತ್ತಿದ್ದೆವು. ಆ ಬೀದಿಯ ಸೀರೆ ಅಂಗಡಿಯೊಂದರ ಯಜಮಾನಿ ನಾಣ್ಯಗಳನ್ನು ಕೈಚೀಲದಲ್ಲಿ ತಂದು ನನ್ನ ತಟ್ಟೆಯ ಪಕ್ಕ ಸುರಿದರು. ಈ ಡಾಲರಿನ ಒಂದು ಕಡೆ ಸ್ವಾತಂತ್ರ್ಯದೇವಿಯ ಮುಖ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಆಕೆಗೆ ಅದು ಸಾಕಾಗಿತ್ತು. ಮುಂದೆ ಲಕ್ಷ್ಮಿ, ಹಿಂದೆ ಗರುಡ. ಪ್ರತಿ ಶುಕ್ರವಾರ ಪೂಜೆಯಾಗಿ ದೇವಿಯ ಹಣೆಯಲ್ಲಿ ಕುಂಕುಮ ಕಚ್ಚಿಕೊಂಡಿತ್ತು. ಹ್ಯಾಂಕ್ ಅದನ್ನು ಭೂತಕನ್ನಡಿಯಲ್ಲಿ ನೋಡಿ, ಇದು ಯಾವ ರಾಸಾಯನಿಕ ಎಂದು ಗಂಭೀರವಾಗಿ ಕೇಳಿದ. ‘ಭಕ್ತಿ’ ಎಂದೆ. ಸಂಸ್ಥೆಯವರು ಆ ನಾಣ್ಯಗಳಿಗೆ ಅಂಕ ಕೊಡದೆ ‘ಮೇಲ್ಮೈಗೆ ಹಾನಿ’ ಎಂದು ಚೀಟಿ ಹಾಕಿ ಕಳಿಸಿದರು. ಆಕೆಗೆ ಬೇಸರವೇನೂ ಆಗಲಿಲ್ಲ. ‘ಮುತ್ತೈದೆ ಹಣೇಲಿ ಕುಂಕುಮ ಇದ್ರೆ ಹಾನಿ ಅಂತಾರಲ್ಲ, ಅವರ ಮನೇಲಿ ಹೆಣ್ಣುಮಕ್ಕಳಿಲ್ವಾ?’ ಎಂದು ಕೇಳಿ, ನಾಣ್ಯ ತಲುಪಿಸಲು ಮನೆಗೆ ಹೋಗಿದ್ದ ನನಗೆ ಇನ್ನೊಂದು ಹೋಳಿಗೆ ಬಡಿಸಿದರು.

ನಾನಿದ್ದ ಕಾಲದಲ್ಲೇ ಪದ್ಧತಿಯೂ ಬದಲಾಯಿತು. ಮೊದಲು ಅಂಕ ಅಂಚೆಯಲ್ಲಿ, ನಾಣ್ಯದ ಜೊತೆಗೇ ಬರುತ್ತಿತ್ತು. ಆಮೇಲೆ ಫೋನಿನಲ್ಲೇ ಮುಂಚಿತವಾಗಿ ಕಾಣತೊಡಗಿತು. ಕೆಲಸ ಸುಲಭವಾಯಿತು ಎಂದು ಹ್ಯಾಂಕ್ ಹಿಗ್ಗಿದ. ಸುಲಭವಾದದ್ದು ಗಿರಾಕಿಗಳ ರೋದನ. ನಾಣ್ಯ ಇನ್ನೂ ಲಾರಿಯಲ್ಲಿರುವಾಗಲೇ ಅಂಗಡಿಯಲ್ಲಿ ಅಳು ಶುರುವಾಗುತ್ತಿತ್ತು.

ಇಷ್ಟೆಲ್ಲ ಸಣ್ಣಪುಟ್ಟ ಪ್ರಕರಣಗಳು. ನೀವು ನಿಜವಾಗಿ ಕಲಿಯಬೇಕಾದದ್ದು ಬೀಗರ ಪ್ರಕರಣದಿಂದ.

ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡ್‌ನ ಡಾ. ಸೂರ್ಯನಾರಾಯಣ ಮೂತ್ರಪಿಂಡದ ತಜ್ಞರು, ಮೈಸೂರಿನವರು, ಆಗಷ್ಟೇ ನಿವೃತ್ತರು. ನಾನು ನರ್ಸ್ ಆಗಿದ್ದವಳೆಂದು ತಿಳಿದ ದಿನದಿಂದ ‘ಸಿಸ್ಟರ್’ ಎಂದೇ ಕರೆಯುತ್ತಿದ್ದರು. ನನಗೂ ಅವರೆದುರು ಕುರ್ಚಿಯಿಂದ ತಾನಾಗಿ ಏಳುವಂತಾಗುತ್ತಿತ್ತು. ಡಲ್ಲಾಸ್ ಪಕ್ಕದ ಮೆಕಿನ್ನಿಯ ದೇಸಾಯರು ಧಾರವಾಡದ ಕಡೆಯ ಎಂಜಿನಿಯರು. ಅವರಿಗೆ ನಾನು ‘ಅಕ್ಕಾರ’. ಇಬ್ಬರೂ ನಮ್ಮ ಅಂಗಡಿಯ ಹಳೆಯ ಗಿರಾಕಿಗಳು. ಡಾಕ್ಟರ ಮಗಳು ಮೇಘನಾ, ದೇಸಾಯರ ಮಗ ವಿನಯ್ ಆಸ್ಟಿನ್‌ನ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತ ತಾವಾಗಿಯೇ ಒಪ್ಪಿಕೊಂಡಾಗ, ಇಬ್ಬರು ತಂದೆಯರೂ ಜಾತಕಕ್ಕಿಂತ ಮೊದಲು ಪರಸ್ಪರರ ಸಂಗ್ರಹ ನೋಡಿ ತೃಪ್ತರಾದರು.

ನಿಶ್ಚಿತಾರ್ಥದಲ್ಲಿ ಒಂದು ಹೊಸ ಶಾಸ್ತ್ರ ಹುಟ್ಟಿತು. ಧಾರೆಯ ಹೊತ್ತಿಗೆ ಎರಡೂ ಕಡೆಯವರು ಒಂದೊಂದು ಬೆಳ್ಳಿ ಡಾಲರನ್ನು ತಟ್ಟೆಯಲ್ಲಿಟ್ಟು ಬದಲಾಯಿಸಿಕೊಳ್ಳುವುದು. ಒಂದೇ ವರ್ಷದ್ದು, ಒಂದೇ ಟಂಕಸಾಲೆಯದ್ದು. ಈ ಕಡೆ ಮೇಲು, ಆ ಕಡೆ ಕೀಳು ಎಂಬ ಮಾತೇ ಬರಬಾರದೆಂದು ಇಬ್ಬರೂ ಯೋಚಿಸಿ ಮಾಡಿದ ಏರ್ಪಾಡು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಗ್ರೇಡ್ ಮಾಡಿಸಿಯೇ ಕೊಡಬೇಕು ಎಂದುಕೊಂಡರು. ಎರಡು ನಾಣ್ಯಗಳನ್ನೂ ನಾನೇ ಒಂದೇ ಪೆಟ್ಟಿಗೆಯಲ್ಲಿ ಕಳಿಸಿದೆ.

ದೇಸಾಯರದಕ್ಕೆ ಅರವತ್ತೈದು. ಡಾಕ್ಟರದಕ್ಕೆ ಅರವತ್ನಾಲ್ಕು.

ದೇಸಾಯರು ಸಭ್ಯರು, ಏನೂ ಹೇಳಲಿಲ್ಲ. ಡಬ್ಬಿಯ ಚಿತ್ರ ತೆಗೆದು ಕುಟುಂಬದ ಗುಂಪಿಗೆ ಹಾಕಿ, ಕೆಳಗೆ ಒಂದು ನಮಸ್ಕಾರದ ಚಿಹ್ನೆ ಹಾಕಿದರು. ಅಷ್ಟೇ. ಅರ್ಧ ಗಂಟೆಯಲ್ಲಿ ಡಾಕ್ಟರ ಫೋನು ಬಂತು.

‘ಸಿಸ್ಟರ್, ಆ ಒಂದು ಅಂಕ ಎಲ್ಲಿ ಹೋಯ್ತು?’

‘ನನಗೆ ಗೊತ್ತಿಲ್ಲ ಸರ್. ಅಂಕ ಕೊಡೋರು ಅವರು.’

‘ಹೆಣ್ಣಿನ ಕಡೆಯೋರು ಅಂತ ಕಮ್ಮಿ ಕೊಟ್ಟಿದಾರಾ?’

‘ಸರ್, ಅವರಿಗೆ ಮದುವೆ ವಿಷಯಾನೇ ಗೊತ್ತಿಲ್ಲ.’

‘ನನ್ನ ಜೀವನದಲ್ಲಿ ನಾನು ಸೆಕೆಂಡ್ ಬಂದಿಲ್ಲ ಸಿಸ್ಟರ್. ರೀವ್ಯಾಲ್ಯುಯೇಷನ್‌ಗೆ ಹಾಕಿ.’

ಮರುಪರೀಕ್ಷೆಯಲ್ಲಿ ಅಂಕ ಇಳಿಯಲೂಬಹುದು ಎಂದು ಹ್ಯಾಂಕ್ ಎಚ್ಚರಿಸಿದ. ‘ನಮ್ಮ ಕಾಲದಲ್ಲಿ ಮರುಮೌಲ್ಯಮಾಪನದಲ್ಲಿ ಯಾರದ್ದೂ ಇಳೀತಿರಲಿಲ್ಲ’ ಎಂದರು ಡಾಕ್ಟರು. ಡಬ್ಬಿ ಒಡೆದು ಮತ್ತೆ ಕಳಿಸಿದೆವು. ಅದೇ ನಾಣ್ಯ, ಅದೇ ಸಂಸ್ಥೆ. ಈ ಬಾರಿ ಅರವತ್ಮೂರು. ಪರಿಣತರು ಊಟದ ಮುಂಚೆ ನೋಡಿದರೋ ಆಮೇಲೆ ನೋಡಿದರೋ, ನಮಗೆ ತಿಳಿಯುವ ಸಂಗತಿಯಲ್ಲ. ನಾಣ್ಯ ಮಾತ್ರ ಪೆಟ್ಟಿಗೆಯಲ್ಲಿ ಮಲಗಿಕೊಂಡೇ ಹೋಗಿ ಮಲಗಿಕೊಂಡೇ ಬಂದಿತ್ತು. ಅದು ಯಾವ ತಪ್ಪನ್ನೂ ಮಾಡಿರಲಿಲ್ಲ.

ಅಲ್ಲಿಂದ ಬೀಗರ ಮಾತುಕತೆ ನಿಂತಿತು. ಬೇರೆ ನಾಣ್ಯ ಕೊಳ್ಳಿ ಎಂದು ಹ್ಯಾಂಕ್ ಡಾಕ್ಟರಿಗೆ ಹೇಳಿ ನೋಡಿದ. ‘ಒಳ್ಳೆ ಮಾರ್ಕ್ಸ್ ಬರಲಿಲ್ಲ ಅಂತ ಮಗನ್ನ ಬದಲಾಯಿಸ್ತಾರಾ?’ ಎಂದು ಅವರು ಸಿಡುಕಿದರು. ದೇಸಾಯರು ನನ್ನ ಬಳಿ, ‘ನಾ ಏನರೆ ಅಂದೇನ್ರಿ ಅಕ್ಕಾರ? ಫೋಟೋ ಹಾಕಿದ್ರ ತಪ್ಪೇನ್ರಿ?’ ಎಂದು ಕೇಳಿದರು. ಡಾಕ್ಟರು ಕೊನೆಗೆ ಹೆಂಡತಿಗೆ ಹೇಳಿಬಿಟ್ಟರಂತೆ: ಆ ಎರಡು ಡಬ್ಬಿಗಳನ್ನು ಪಕ್ಕಪಕ್ಕ ಇಡುವ ಮಂಟಪಕ್ಕೆ ನಾನು ಬರುವುದಿಲ್ಲ, ಧಾರೆಯನ್ನು ಹುಡುಗಿಯ ಸೋದರಮಾವ ಎರೆಯಲಿ.

ಆಗ ಮೇಘನಾ ನನಗೆ ಫೋನ್ ಮಾಡಿದಳು. ಕನ್ನಡ ಪೂರ್ತಿ ಅರ್ಥವಾಗುವ, ಬಾಯಿ ತೆರೆದರೆ ಇಂಗ್ಲಿಷ್ ಬರುವ ಹುಡುಗಿ. ಆ ದಿನ ಕಷ್ಟಪಟ್ಟು ಕನ್ನಡದಲ್ಲೇ ಮಾತಾಡಿದಳು.

‘ಆಂಟಿ, ಅಪ್ಪ ಬರಲ್ಲ ಅಂತಿದಾರೆ. ನನ್ನ ಮದುವೆಗೆ. ಒಂದು ಕಾಯಿನ್‌ಗೋಸ್ಕರ. ನೀವು ಬನ್ನಿ ಪ್ಲೀಸ್. ಅಪ್ಪ ನಿಮ್ಮ ಮಾತು ಕೇಳ್ತಾರೆ.’

ಡಾಕ್ಟರುಗಳು ನರ್ಸ್ ಮಾತು ಕೇಳುತ್ತಾರೆ ಎಂದು ಆ ಮಗುವಿಗೆ ಯಾರು ಹೇಳಿದರೋ. ಆದರೂ ಹೋದೆ. ಡಾಕ್ಟರ ಡಬ್ಬಿ ಅಂಗಡಿಯಲ್ಲೇ ಉಳಿದಿತ್ತು, ಅದನ್ನು ತಲುಪಿಸುವುದು ನನ್ನ ಕೆಲಸವೂ ಆಗಿತ್ತು. ಡಬ್ಬಿ ಬಿಚ್ಚುವ ಇಕ್ಕುಳ, ಕೈಗವಸು ನನ್ನ ಚೀಲದಲ್ಲಿ ಯಾವತ್ತೂ ಇರುತ್ತವೆ, ಹಳೆಯ ರೂಢಿ.

ಆಸ್ಟಿನ್‌ನ ಛತ್ರದಂಥ ಒಂದು ಸಭಾಂಗಣ. ಮಂಟಪದಲ್ಲಿ ಹೋಮದ ಹೊಗೆ, ಹೊಗೆಗೆ ಅಲಾರಂ ಕೂಗದಂತೆ ಕಾವಲಿಗೊಬ್ಬ. ವರನ ಕೊಠಡಿಯಲ್ಲಿ ದೇಸಾಯರು ಜರಿಪೇಟ ಸುತ್ತಿಸಿಕೊಳ್ಳುತ್ತಿದ್ದರು. ವಧುವಿನ ಕೊಠಡಿಯಲ್ಲಿ ಡಾಕ್ಟರು ಪಂಚೆ ಉಟ್ಟು, ಶಲ್ಯ ಹೊದೆಯದೆ, ಗೋಡೆ ನೋಡುತ್ತ ಕೂತಿದ್ದರು. ನಾನು ಡಬ್ಬಿ ಮುಂದಿಟ್ಟೆ. ಮೇಘನಾ ಮೊಗ್ಗಿನ ಜಡೆ, ಬಾಸಿಂಗಗಳ ಭಾರದಲ್ಲಿ ತಲೆ ಅಲ್ಲಾಡಿಸಲಾಗದೆ, ಕಣ್ಣಲ್ಲೇ ನನ್ನನ್ನು ತಳ್ಳುತ್ತಿದ್ದಳು.

‘ಸರ್, ಮುಹೂರ್ತ ಹತ್ತಿರ ಬಂತು. ಶಲ್ಯ ಹೊದ್ಕೊಳ್ಳಿ.’

‘ಅರವತ್ಮೂರು ಹಿಡ್ಕೊಂಡು ಅರವತ್ತೈದರ ಮುಂದೆ ಹೇಗೆ ನಿಲ್ಲಲಿ ಸಿಸ್ಟರ್?’

‘ಅಪ್ಪಾ, ಇಟ್ಸ್ ಎ ಕಾಯಿನ್!’

‘ನಿನಗೆ ಗೊತ್ತಾಗಲ್ಲ. ನಿಂಗೆ ಯಾವಾಗ್ಲೂ ಎ ಪ್ಲಸ್ಸೇ ಬಂದಿರೋದು.’

ಅಷ್ಟರಲ್ಲಿ ತಟ್ಟೆ ಜೋಡಿಸಲು ನಾಣ್ಯ ಕೇಳಿಕೊಂಡು ಪುರೋಹಿತರು ಬಾಗಿಲಿಗೆ ಬಂದರು. ಡಬ್ಬಿಯನ್ನು ಎತ್ತಿ ಅಲ್ಲಾಡಿಸಿ ನೋಡಿದರು.

‘ಇದೇನ್ರೀ ಇದು? ಧಾರೆ ನೀರು ಬೆಳ್ಳಿಗೆ ತಾಗಬೇಕು. ಹೀಗೆ ಕೊಟ್ರೆ ಪ್ಲಾಸ್ಟಿಕ್ ದಾನ ಮಾಡಿದ ಫಲ. ತೆಗೀರಿ, ಎರಡನ್ನೂ ಆಚೆ ತೆಗೀರಿ.’

ಡಾಕ್ಟರ ಮುಖ ನಾನು ನೋಡನೋಡುತ್ತಿದ್ದ ಹಾಗೆ ಅರಳಿತು. ಡಬ್ಬಿ ಹೋದರೆ ಚೀಟಿ ಹೋಯಿತು. ಚೀಟಿ ಹೋದರೆ ಅರವತ್ಮೂರು ಹೋಯಿತು. ‘ಶಾಸ್ತ್ರ ಅಂದ್ರೆ ಶಾಸ್ತ್ರ. ಒಡೀರಿ ಸಿಸ್ಟರ್’ ಎಂದು ಶಲ್ಯ ಹೊದ್ದು, ಪೇಟ ಇಟ್ಟುಕೊಂಡು ಎದ್ದೇಬಿಟ್ಟರು. ಅಷ್ಟು ಶಾಸ್ತ್ರನಿಷ್ಠೆಯನ್ನು ನಾನು ಅವರಲ್ಲಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

ವರನ ಕೊಠಡಿಗೆ ಹೋದಾಗ ಕುಸಿಯುವ ಸರದಿ ದೇಸಾಯರದು. ‘ಅರವತ್ತೈದು ಒಡೀಬೇಕಂತೀರಿ?’ ಎಂದು ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ‘ಇದಕ್ಕ ಅಂಚಿನ್ಯಾಗ ಕಾಮನಬಿಲ್ಲಿನ ಬಣ್ಣ ಬಂದದರಿ ಅಕ್ಕಾರ. ನೂರು ವರ್ಷ ಕಾಗದದಾಗ ಸುತ್ತಿಟ್ಟಿದ್ದಕ್ಕ ಬಂದ ಬಣ್ಣ. ಗಾಳಿ ತಾಗಿದ್ರ ಹೆಂಗ್ರಿ?’

ಮದುವೆಗೆಂದು ಧಾರವಾಡದಿಂದ ಬಂದಿದ್ದ ಅವರ ಅಕ್ಕ ಗಂಗಕ್ಕ ಅಲ್ಲೇ ಬೆಳ್ಳಿ ಪಂಚಪಾತ್ರೆ ತಿಕ್ಕುತ್ತಿದ್ದರು. ‘ಏ, ಸೊಸಿ ಮಾರಿ ನೋಡೂದು ಬಿಟ್ಟು ಡಬ್ಬಿ ನೋಡ್ಕೋತ ಕೂತೀಯಲ್ಲೋ! ಮುಹೂರ್ತ ಮೀರ್ಲಿಕತ್ತದ. ಕೊಡು ಇಲ್ಲೆ’ ಎಂದು ಕಿತ್ತುಕೊಂಡು ನನ್ನ ಕೈಗಿಟ್ಟರು. ದೇಸಾಯರು ಕೊನೆಯದಾಗಿ ಒಂದು ಸಮಾಧಾನ ಹುಡುಕಿಕೊಂಡರು: ‘ಇರ್ಲಿ ಬಿಡ್ರಿ. ಬಣ್ಣದ ಮ್ಯಾಲ ಯಾವುದು ನಂದಂತ ಎಲ್ಲಾರಿಗೂ ಗೊತ್ತಾಗ್ತದ.’

ಮೇಜಿನ ಮೇಲೆ ಸ್ವಚ್ಛ ಬಟ್ಟೆ ಹಾಸಿದೆ. ಕೈಗವಸು ಹಾಕಿದೆ. ಡಬ್ಬಿಯ ಮೂಲೆಯನ್ನು ಇಕ್ಕುಳದಲ್ಲಿ ಹಿಡಿದು ಮುರಿದೆ, ಆಮೇಲೆ ಇನ್ನೊಂದನ್ನು. ಎರಡು ನಾಣ್ಯಗಳನ್ನೂ ಅಂಚಿನಲ್ಲಿ ಹಿಡಿದು, ಒಂದು ಗೀರೂ ಬೀಳದಂತೆ ಬೆಳ್ಳಿ ತಟ್ಟೆಗೆ ಇಳಿಸಿದೆ. ಒಂದು ಬಿಳಿ, ಇನ್ನೊಂದರ ಅಂಚಿನಲ್ಲಿ ನೀಲಿ, ನೇರಳೆ, ಕಂದು. ನನ್ನ ವೃತ್ತಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಮುರಿದ ಪ್ಲಾಸ್ಟಿಕ್ಕನ್ನು ಒಟ್ಟುಮಾಡಿ ಕಸದ ಬುಟ್ಟಿಗೆ ಹಾಕಿ ಬರಲು ಹೋದೆ.

ತಿರುಗಿ ಬಂದಾಗ ಗಂಗಕ್ಕನ ಅಂಗೈಯಲ್ಲಿ ಬಿಳಿ ನೊರೆ. ಊರಿಂದ ತಂದ ಹಲ್ಲುಪುಡಿ. ಹೆಬ್ಬೆರಳು ದೇವಿಯ ಕೆನ್ನೆಯ ಮೇಲೆ ಗಾಣದ ಹಾಗೆ ತಿರುಗುತ್ತಿತ್ತು.

‘ಗಂಗಕ್ಕಾ!’

‘ಏನ್ ಕಿಲುಬು ಹತ್ತಿತ್ವಾ ಇದಕ್ಕ! ಮದುವಿ ತಟ್ಟ್ಯಾಗ ಒಂದು ಬೆಳ್ಳಗ, ಒಂದು ಕರ್ರಗ ಇಟ್ರ ನೋಡಿದವರು ಏನಂದಾರು? ಹೆಣ್ಣಿನ ಕಡೆಯವರದು ಲಕಲಕ, ನಮ್ಮದು ಹಿಂಗ? ಎರಡೂ ತಿಕ್ಕೀನಿ. ಈಗ ನೋಡು, ಅವಳಿ ಮಕ್ಕಳಿದ್ದಂಗ ಅವ.’

ನೀರಲ್ಲಿ ಅದ್ದಿ, ಸೆರಗಿನಲ್ಲಿ ಗಸಗಸ ಒರೆಸಿ ತಟ್ಟೆಗಿಟ್ಟರು. ನೂರು ವರ್ಷದ ಕಾಮನಬಿಲ್ಲು ಸೆರಗಿನ ಮೇಲೆ ಒಂದು ಬೂದು ಗೆರೆಯಾಗಿ ಉಳಿದಿತ್ತು.

ಮಂಟಪದಲ್ಲಿ ಬೀಗರಿಬ್ಬರೂ ಎದುರುಬದುರು ನಿಂತರು. ಪುರೋಹಿತರು ತಟ್ಟೆ ಎತ್ತಿ ಹಿಡಿದರು. ಎರಡು ನಾಣ್ಯಗಳು ಹೊಸ ಸ್ಟೀಲ್ ಲೋಟದ ತಳದಂತೆ ಹೊಳೆಯುತ್ತಿದ್ದವು. ಡಾಕ್ಟರು ಬಗ್ಗಿದರು. ದೇಸಾಯರು ಬಗ್ಗಿದರು. ಎರಡು ಪೇಟಗಳು ಒಂದಕ್ಕೊಂದು ತಾಗಿದವು.

‘ಅಕ್ಕಾರ, ನಂದ್ಯಾವುದರಿ?’ ದೇಸಾಯರು ನನ್ನ ಕಡೆ ತಿರುಗಿದರು.

‘ನಂದು ಯಾವುದು ಸಿಸ್ಟರ್?’

ಬಣ್ಣ ಹೋದ ಮೇಲೆ ಬರಿಗಣ್ಣಿಗೆ ಗುರುತೇ ಇರಲಿಲ್ಲ. ನನಗೂ ಇರಲಿಲ್ಲ. ‘ನೋಡಿ ಹೇಳೋದು ನನ್ನ ಕೆಲಸ ಅಲ್ಲ ಸರ್’ ಎಂದೆ.

‘ಯಾವುದಾದ್ರೇನು, ಹಿಡೀರಿ ಕೈ’ ಎಂದರು ಪುರೋಹಿತರು. ಡಾಕ್ಟರಿಗೆ ಅಳಿಯನ ಮುಖ ನೋಡುವ ಬದಲು ಬೀಗರ ಮುಖ ನೋಡುವುದೇ ಆಯಿತು. ಆ ಮುಖದಲ್ಲಿ ಅರವತ್ತೈದು ಕಳೆದುಕೊಂಡ ದುಃಖ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದೇ ದುಃಖ ಎರಡು ಸಲ ಅನುಭವಿಸಿದ್ದ ಡಾಕ್ಟರ ಕೈ ತಾನಾಗಿ ಅವರ ಭುಜದ ಮೇಲೆ ಹೋಯಿತು. ಆಮೇಲೆ ಚೊಂಬೆತ್ತಿ ಧಾರೆ ಎರೆದರು. ಮೇಘನಾ ಅಳುತ್ತಿದ್ದಳು, ಎಲ್ಲರೂ ಅದನ್ನು ತವರು ಬಿಡುವ ಅಳು ಎಂದುಕೊಂಡರು.

ಮದುವೆಯ ಗದ್ದಲ ಮುಗಿದ ಮೇಲೆ ಬೀಗರಿಬ್ಬರೂ ಒಂದೇ ಕಾರಿನಲ್ಲಿ ನಮ್ಮ ಅಂಗಡಿಗೆ ಬಂದರು. ಅಂಕ ನೋಡಿದರೆ ಯಾವುದು ಯಾರದ್ದೆಂದು ತಿಳಿಯುತ್ತದೆ ಎಂದು ಇಬ್ಬರ ನಂಬಿಕೆ. ತೊಳೆದ ನಾಣ್ಯಕ್ಕೆ ಏನಾಗುತ್ತದೆ ಎಂದು ಹೇಳಲು ಹ್ಯಾಂಕ್ ಬಾಯಿ ತೆರೆದ. ನಾನು ಅವನ ಬೂಟು ತುಳಿದೆ. ನಿಯಮ ಅವನೇ ಮಾಡಿದ್ದಲ್ಲವೇ? ಬಂದಿದೆ, ಕಳಿಸುತ್ತೇವೆ ಎಂದೆ.

ಫಲಿತಾಂಶ ಬಂದ ದಿನವೂ ಜೊತೆಯಲ್ಲೇ ಬಂದರು. ಎರಡು ಹೊಸ ಡಬ್ಬಿಗಳನ್ನು ಮೇಜಿನ ಮೇಲಿಟ್ಟೆ. ಅಂಕ ಇರಬೇಕಾದ ಜಾಗದಲ್ಲಿ ಎರಡರ ಮೇಲೂ ಒಂದೇ ಮಾತು: ‘ತೊಳೆಯಲಾಗಿದೆ.’ ಸಂಖ್ಯೆ ಇಲ್ಲ.

ಡಾಕ್ಟರು ಡಬ್ಬಿ ತಿರುಗಿಸಿ, ಹಿಂದೆ ಎಲ್ಲಾದರೂ ಅಂಕ ಬರೆದಿದೆಯೇ ಎಂದು ಹುಡುಕಿದರು.

‘ಬೀಗರ, ಇಬ್ಬರೂ ನಪಾಸು’ ಎಂದರು ದೇಸಾಯರು.

‘ನಪಾಸಾ?’ ಡಾಕ್ಟರ ಮುಖ ಕೆಂಪಾಯಿತು. ‘ನನ್ನದಿರಲಿ, ನಿಮ್ಮದನ್ನ ನಪಾಸು ಮಾಡಿದಾರಲ್ಲ! ಅರವತ್ತೈದು ಬಂದಿದ್ದ ನಾಣ್ಯ ರೀ ಅದು! ಇವರಿಗೆ ಕಣ್ಣಿದೆಯಾ?’

‘ಖರೆ ಹೇಳಿದ್ರಿ ನೋಡ್ರಿ. ನಿಮ್ಮದಕ್ಕೂ ಆವಾಗ ಅನ್ಯಾಯನ ಮಾಡಿದ್ರು.’

‘ಬಿಡಬಾರದು ದೇಸಾಯರೇ.’

‘ಬಿಡೂದಿಲ್ಲ ತಗೋರಿ.’

ಎರಡು ಡಬ್ಬಿಗಳನ್ನೂ ಒಟ್ಟಿಗೆ ನನ್ನ ಕಡೆ ಸರಿಸಿ, ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ರೀವ್ಯಾಲ್ಯುಯೇಷನ್‌ಗೆ ಹಾಕಲು ಹೇಳಿದರು. ಆಮೇಲೆ ಇಬ್ಬರೂ ಮೇಜಿನ ಮೇಲೆ ಬಗ್ಗಿ, ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಾಗಿಸಿಕೊಂಡು, ಒಂದೇ ಉಸಿರಿನಲ್ಲಿ ಕೇಳಿದರು: ‘ಎಪ್ಪತ್ತಕ್ಕೆ ಎಷ್ಟು ಬರಬಹುದು?’

ನಾನು ಕೈಗವಸು ಹಾಕಿಕೊಂಡು ಡಬ್ಬಿಗಳನ್ನು ತೆಗೆದುಕೊಂಡೆ.

‘ಬಂದಿದೆ. ಕಳಿಸುತ್ತೇವೆ.’